ಹಾವು ಆಮೇಲೆ ಬಂತು

ನಾನು ಕಲಾವಿಮರ್ಶಕ ಅಲ್ಲ. ಮೂವತ್ತು ವರ್ಷಕ್ಕೂ ಜಾಸ್ತಿ ಹಲ್ಲಿನ ಲ್ಯಾಬ್‌ನಲ್ಲಿ ಕೆಲಸ ಮಾಡಿದವನು. ಡಾಕ್ಟರು ನಿಮ್ಮ ಬಾಯಿಗೆ ಪೇಸ್ಟ್ ತುಂಬಿದ ತಟ್ಟೆ ಒತ್ತಿ, ಮೂಗಿನಲ್ಲಿ ಉಸಿರಾಡಿ ಅಂತ ಹೇಳಿ ಅಳತೆ ತೆಗೆಯುತ್ತಾರಲ್ಲ, ಆ ಅಳತೆ ಆಮೇಲೆ ಬರುವುದು ನನ್ನಂಥವರ ಮೇಜಿಗೆ. ಅದರೊಳಗೆ ಪ್ಲಾಸ್ಟರ್ ಸುರಿದು ನಿಮ್ಮ ಹಲ್ಲಿನ ಸಾಲನ್ನು ಇದ್ದ ಹಾಗೇ ಎಬ್ಬಿಸುವುದು ನಮ್ಮ ಕೆಲಸ. ನಮ್ಮ ಓದುಕೂಟದ ಗೆಳೆಯರು "ಪ್ಯಾರಿಸ್‌ಗೆ ಹೋಗಿ ಬಂದಿದ್ದೀರಿ, ಅಲ್ಲಿ ನೋಡಿದ ಯಾವುದಾದರೂ ಒಂದು ಕಲಾಕೃತಿಯ ಬಗ್ಗೆ ಮಾತಾಡಿ" ಅಂದಾಗ ಮೋನಾಲಿಸಾಳನ್ನು ಬಿಟ್ಟು ಅಮೃತಶಿಲೆಯ ಒಂದು ಹೆಣ್ಣಿನ ಪ್ರತಿಮೆ ಆರಿಸಿಕೊಂಡೆ. ಕಾರಣ ಕಲೆ ಅಲ್ಲ, ಪ್ಲಾಸ್ಟರ್. ಆ ಸಂಜೆ ಆಡಿದ್ದನ್ನೇ ಇಲ್ಲಿ ಬರೆದಿದ್ದೇನೆ. ಮಾತಿನಲ್ಲಿ ಹಿಂದೆಮುಂದೆ ಆಗಿದ್ದನ್ನು ಸ್ವಲ್ಪ ಸರಿ ಮಾಡಿದ್ದೇನೆ, ಅಷ್ಟೇ.

ಸೇನ್ ನದಿಯ ದಂಡೆಯಲ್ಲಿ ಓರ್ಸೆ ಅಂತ ಒಂದು ಮ್ಯೂಸಿಯಂ ಇದೆ. ಮೊದಲು ಅದು ರೈಲ್ವೆ ಸ್ಟೇಷನ್. 1900ರ ದೊಡ್ಡ ವಸ್ತುಪ್ರದರ್ಶನದ ಹೊತ್ತಿಗೆ ಕಟ್ಟಿದ್ದು. ಕಾಲ ಹೋದಂತೆ ರೈಲುಗಳು ಉದ್ದವಾದವು, ಅಲ್ಲಿನ ಪ್ಲಾಟ್‌ಫಾರಂ ಸಾಲದೇ ಹೋಯಿತು, ಸ್ಟೇಷನ್ ಮೂಲೆಗೆ ಬಿತ್ತು. 1986ರಲ್ಲಿ ಮ್ಯೂಸಿಯಂ ಆಗಿ ಮತ್ತೆ ಬಾಗಿಲು ತೆರೆಯಿತು. ಮೇಲೆ ಗಾಜಿನ ದೊಡ್ಡ ಕಮಾನು. ಕೆಳಗೆ, ರೈಲು ಬಂದು ನಿಲ್ಲುತ್ತಿದ್ದ ಉದ್ದನೆಯ ಜಾಗದಲ್ಲಿ, ಈಗ ಪ್ರತಿಮೆಗಳು ನಿಂತಿವೆ.

ಅವುಗಳ ನಡುವೆ ಒಬ್ಬಳು ಮಲಗಿದ್ದಾಳೆ. ಉದ್ದ 180 ಸೆಂಟಿಮೀಟರ್, ಅಂದರೆ ಹತ್ತಿರಹತ್ತಿರ ಆರಡಿ. ಹೂವಿನ ಹಾಸಿಗೆಯ ಮೇಲೆ ಬೆತ್ತಲೆ ಹೆಣ್ಣು. ಸೊಂಟ ತಿರುಚಿಕೊಂಡಿದೆ, ಎದೆ ಮೇಲೆದ್ದಿದೆ, ತಲೆ ಹಿಂದಕ್ಕೆ ಬಿದ್ದಿದೆ. ಮಣಿಕಟ್ಟಿಗೆ ಒಂದು ಸಣ್ಣ ಹಾವು ಸುತ್ತಿಕೊಂಡಿದೆ. ಹೆಸರು "ಹಾವು ಕಚ್ಚಿದ ಹೆಣ್ಣು". ಮಾಡಿದವನು ಓಗ್ಯೂಸ್ತ್ ಕ್ಲೆಜಾಂಜೆ. ಅಕ್ಷರ ನೋಡಿಕೊಂಡು ಓದಿದರೆ ಕ್ಲೆಸಿಂಗರ್ ಅನ್ನಿಸುತ್ತದೆ, ಫ್ರೆಂಚರ ಬಾಯಲ್ಲಿ ಅದು ಕ್ಲೆಜಾಂಜೆ. ವರ್ಷ 1847.

ನಾನು ಸುಮ್ನೆ ದಾಟಿಕೊಂಡು ಹೋಗುತ್ತಿದ್ದೆ. ಬೆತ್ತಲೆ ಪ್ರತಿಮೆಗಳಿಗೆ ಅಲ್ಲೇನು ಬರವಿಲ್ಲ, ಹತ್ತು ನೋಡಿದ ಮೇಲೆ ಹನ್ನೊಂದನೆಯದಕ್ಕೆ ಕಣ್ಣು ನಿಲ್ಲುವುದಿಲ್ಲ. ಆದರೆ ತೊಡೆ ಕಂಡಿತು. ನಗಬೇಡಿ, ಆ ಸಂಜೆ ಸಭೆಯಲ್ಲೂ ಎಲ್ಲರೂ ನಕ್ಕರು. ತೊಡೆಯ ಮೇಲ್ಭಾಗದಲ್ಲಿ ಚರ್ಮ ನುಣುಪಾಗಿಲ್ಲ. ಒಳಗಿನ ಕೊಬ್ಬಿನಿಂದ ಆಗುವ ಸಣ್ಣ ಸಣ್ಣ ಗುಳಿ, ಮಡಿಕೆ, ಎಲ್ಲ ಹಾಗೇ ಇದೆ. ದೇವತೆಗಳ ಪ್ರತಿಮೆಯಲ್ಲಿ ಅದೆಲ್ಲ ಇರುವುದಿಲ್ಲ. ಕಲ್ಪನೆಯಿಂದ ಕೆತ್ತುವವನಿಗೆ ಅದು ಹೊಳೆಯುವುದೂ ಇಲ್ಲ. ಅದನ್ನು ನೋಡಿದ ಕೂಡಲೇ ನನ್ನೊಳಗಿನ ಲ್ಯಾಬ್‌ನವನು ಎದ್ದು ಕೂತ. ಇದು ಅಚ್ಚು ತೆಗೆದ ಮೈ ಅಂದ. ಆಮೇಲೆ ಮುಖದ ಕಡೆ ಹೋಗಿ ನೋಡಿದರೆ ಅಲ್ಲಿ ಏನೂ ಇಲ್ಲ. ಮುಖ ಇದೆ, ಚೆನ್ನಾಗೇ ಇದೆ, ಆದರೆ ಯಾರದ್ದೂ ಅಲ್ಲ. ಕ್ಯಾಲೆಂಡರ್ ಮುಖ. ಕತ್ತಿನಿಂದ ಕೆಳಗೆ ಒಬ್ಬ ನಿಜವಾದ ಹೆಂಗಸು, ಕತ್ತಿನಿಂದ ಮೇಲೆ ಯಾರೂ ಅಲ್ಲ. ಇದು ಯಾಕೆ ಹೀಗೆ ಅನ್ನುವ ಒಂದೇ ಪ್ರಶ್ನೆ ಇಟ್ಟುಕೊಂಡು ಊರಿಗೆ ಬಂದು ಓದಲು ಶುರು ಮಾಡಿದೆ.

1847ರಲ್ಲಿ ಪ್ಯಾರಿಸ್‌ನಲ್ಲಿ ಕಲಾವಿದನೊಬ್ಬ ಮೇಲೆ ಬರಬೇಕಾದರೆ ಒಂದೇ ಬಾಗಿಲು, ಸಲೋನ್. ಲೂವ್ರ್ ಅರಮನೆಯಲ್ಲಿ ನಡೆಯುತ್ತಿದ್ದ ಸರಕಾರಿ ಪ್ರದರ್ಶನ. ತೀರ್ಪುಗಾರರು ಒಪ್ಪಿದರೆ ಒಳಗೆ, ಇಲ್ಲದಿದ್ದರೆ ಮನೆಗೆ. ಜನ ಜಾತ್ರೆಯ ಹಾಗೆ ಬರುತ್ತಿದ್ದರು, ಪತ್ರಿಕೆಗಳು ಪುಟಗಟ್ಟಲೆ ಬರೆಯುತ್ತಿದ್ದವು. ಕ್ಲೆಜಾಂಜೆ ಬೆಸಾನ್ಸೊಂ ಊರಿನವನು. ಅಪ್ಪನೂ ಶಿಲ್ಪಿ. ಆಗ ಇವನಿಗೆ ಮೂವತ್ತೆರಡು, ಇನ್ನೂ ಹೇಳಿಕೊಳ್ಳುವಂಥ ಹೆಸರಿಲ್ಲ. ಆ ವರ್ಷ ಈ ಪ್ರತಿಮೆ ಇಟ್ಟ. ಇಡೀ ಊರು ಮುಗಿಬಿತ್ತು. ಅದೇ ಸಲೋನ್‌ನಲ್ಲಿ ತೋಮಾ ಕುತ್ಯೂರ್ ಎಂಬಾತ ಹಾಳಾಗಿ ಹೋಗುತ್ತಿರುವ ರೋಮನರ ಮೋಜಿನ ಚಿತ್ರ ಇಟ್ಟಿದ್ದ, ಏಳೂವರೆ ಮೀಟರಿಗಿಂತ ಅಗಲದ ಕ್ಯಾನ್ವಾಸ್, ಅದಕ್ಕೂ ದೊಡ್ಡ ಹೆಸರು ಬಂತು. ಈಗ ಎರಡೂ ಓರ್ಸೆಯಲ್ಲೇ ಇವೆ, ಒಂದೇ ಉದ್ದನೆಯ ಹಾಲ್‌ನಲ್ಲಿ. ಅಂದು ಒಟ್ಟಿಗೇ ಸದ್ದು ಮಾಡಿದ ಎರಡು ಇವತ್ತಿಗೂ ಅಕ್ಕಪಕ್ಕದ ಮನೆಯವರಾಗಿ ಉಳಿದಿವೆ.

ಸದ್ದು ಯಾಕೆ ಅಂದರೆ, ಮೊದಲನೆಯದು ಭಂಗಿ. ಹಾವು ಕಚ್ಚಿದೆ ಅಂತ ಹೆಸರು ಹೇಳುತ್ತದೆ. ನಾನು ಹಳ್ಳಿಯಲ್ಲಿ ಬೆಳೆದವನು, ಹಾವು ಕಚ್ಚಿದವರನ್ನು ಹತ್ತಿರದಿಂದ ನೋಡಿದ್ದೇನೆ. ಒಬ್ಬರೂ ಹೀಗೆ ಮಲಗಿರಲಿಲ್ಲ. ಪ್ಯಾರಿಸ್‌ನ ಜನರಿಗೂ ಅದು ನೋವಲ್ಲ, ಬೇರೆ ಏನೋ ಅಂತ ನೋಡಿದ ಕೂಡಲೇ ಗೊತ್ತಾಯಿತು, ಗೊತ್ತಾಗದ ಹಾಗೆ ಮುಖ ಮಾಡಿಕೊಂಡು ಇನ್ನೊಂದು ಸುತ್ತು ಬಂದರು. ಹಾವು ಇದ್ದಿದ್ದೇ ಅದಕ್ಕೆ. ಹಾವು ಅಂದ ತಕ್ಷಣ ಹಾವು ಕಚ್ಚಿಸಿಕೊಂಡು ಸತ್ತಳು ಅನ್ನುವ ಈಜಿಪ್ಟಿನ ರಾಣಿ ಕ್ಲಿಯೋಪಾತ್ರ ನೆನಪಾಗುತ್ತಾಳೆ, ಪುರಾಣ, ಇತಿಹಾಸ ಎಲ್ಲ ನೆನಪಾಗುತ್ತದೆ. ಆಗ ಅದು ಬೆತ್ತಲೆ ಹೆಂಗಸಲ್ಲ, ಕಲೆ. ಪುರಾಣದ ಹೆಣ್ಣು ಬೆತ್ತಲೆ ಇದ್ದರೆ ಯಾರಿಗೂ ತೊಂದರೆ ಇಲ್ಲ. ಪಕ್ಕದ ಬೀದಿಯ ಹೆಣ್ಣು ಬೆತ್ತಲೆ ಇದ್ದರೆ ಗಲಾಟೆ.

ಎರಡನೆಯ ಕಾರಣ ಅದೇ. ಇವಳು ನಿಜಕ್ಕೂ ಪಕ್ಕದ ಬೀದಿಯವಳು, ಮತ್ತು ಯಾರು ಅಂತ ಬೇಕಾದವರಿಗೆಲ್ಲ ಗೊತ್ತಿತ್ತು.

ಅವಳ ಹೆಸರು ಅಪೊಲೊನಿ ಸಬಾತಿಯೆ. ಅದೂ ಆಕೆಯೇ ಇಟ್ಟುಕೊಂಡ ಹೆಸರು, ಹುಟ್ಟಿದಾಗ ಅಗ್ಲಾಯೆ ಜೋಸೆಫೀನ್ ಸವಾತಿಯೆ. 1822ರಲ್ಲಿ ಮೆಜಿಯೆರ್ ಎಂಬಲ್ಲಿ ಹುಟ್ಟಿದ್ದು. ಚೆನ್ನಾಗಿ ಹಾಡುತ್ತಿದ್ದಳು. ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಮೊಸೆಲ್‌ಮನ್ ಎಂಬ ಬೆಲ್ಜಿಯಂ ಮೂಲದ ಶ್ರೀಮಂತ ಉದ್ಯಮಿ ಆಕೆಯನ್ನು ಇಟ್ಟುಕೊಂಡಿದ್ದ, ಫ್ರೋಶೋ ಬೀದಿಯಲ್ಲಿ ಮನೆ ಮಾಡಿಕೊಟ್ಟಿದ್ದ. "ಇಟ್ಟುಕೊಂಡಿದ್ದ" ಅನ್ನುವ ಮಾತು ನನಗೂ ಹಿಡಿಸುವುದಿಲ್ಲ, ಆದರೆ ಇದ್ದಿದ್ದು ಹಾಗೇ. ಪ್ರತಿಮೆಗೆ ದುಡ್ಡು ಕೊಟ್ಟವನೂ ಅವನೇ. ಅಂದರೆ ಒಬ್ಬ ಶ್ರೀಮಂತ ತನ್ನ ಪ್ರಿಯತಮೆಯ ಮೈಯನ್ನು ಅಮೃತಶಿಲೆಯಲ್ಲಿ ಮಾಡಿಸಿದ, ಶಿಲ್ಪಿ ಅದನ್ನು ಊರೆಲ್ಲ ಬರುವ ಸರಕಾರಿ ಪ್ರದರ್ಶನದಲ್ಲಿ ಇಟ್ಟ, ನಡುವೆ ಮರ್ಯಾದೆ ಕಾಯಲು ಒಂದು ಸಣ್ಣ ಹಾವು.

ಇನ್ನು ಮೂರನೆಯ ಕಾರಣ, ನನ್ನ ಇಲಾಖೆಯದು. ಇವನು ಕೆತ್ತಿದ್ದಲ್ಲ, ಬದುಕಿರುವ ಮೈಯಿಂದ ಅಚ್ಚು ತೆಗೆದಿದ್ದು, ಇದು ಮೋಸ ಅಂತ ಕೂಗೆದ್ದಿತು.

ಈ ಅಚ್ಚಿನ ಕೆಲಸ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಕಲೆಯ ಬಗ್ಗೆ ಬರೆಯುವವರು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ಗಣೇಶನ ಹಬ್ಬ ಬಂದರೆ ಪಿಒಪಿ ಗಣಪತಿ ಬೇಡ ಅಂತ ನಮ್ಮಲ್ಲಿ ಜಗಳ ಶುರುವಾಗುತ್ತಲ್ಲ, ಆ ಪಿಒಪಿ ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಹೆಸರಲ್ಲೇ ಊರಿದೆ. ಪ್ಯಾರಿಸ್‌ನ ಮೊಂಮಾರ್ತ್ರ್ ಗುಡ್ಡದಲ್ಲಿ ಜಿಪ್ಸಂ ಕಲ್ಲು ಬೇಕಾದಷ್ಟು ಸಿಗುತ್ತಿತ್ತು. ಅದನ್ನು ಅಗೆದು, ಸುಟ್ಟು, ಪುಡಿ ಮಾಡಿ ಮಾರುತ್ತಿದ್ದರು. ಸುಟ್ಟಾಗ ಕಲ್ಲಿನೊಳಗಿನ ನೀರು ಹೋಗುತ್ತದೆ. ಆಮೇಲೆ ಪುಡಿಗೆ ನೀರು ಹಾಕಿದರೆ ಆ ನೀರನ್ನು ಕುಡಿದು ಮತ್ತೆ ಕಲ್ಲಾಗುತ್ತದೆ. ನನ್ನ ಮೇಜಿನ ಮೇಲೆ ಇಷ್ಟು ವರ್ಷ ಇದ್ದಿದ್ದೂ ಅದರ ಮನೆತನದ್ದೇ. ಅಂದಹಾಗೆ ಸಬಾತಿಯೆ ಇದ್ದ ಫ್ರೋಶೋ ಬೀದಿ ಆ ಗುಡ್ಡದ ಬುಡದಲ್ಲೇ ಇದೆ.

ಮೈಗೆ ಎಣ್ಣೆಯನ್ನೋ ಕೊಬ್ಬನ್ನೋ ಸವರಬೇಕು, ಇಲ್ಲದಿದ್ದರೆ ಪ್ಲಾಸ್ಟರ್ ಕೂದಲು ಸಮೇತ ಕಿತ್ತು ಬರುತ್ತದೆ. ಮೊಸರಿನ ಹದಕ್ಕೆ ಕಲಸಿ ಹಚ್ಚಬೇಕು. ಮೊದಲು ತಣ್ಣಗಿರುತ್ತದೆ. ಹತ್ತು ನಿಮಿಷದಲ್ಲಿ ಬಿಸಿಯಾಗಲು ಶುರುವಾಗುತ್ತದೆ, ಗಟ್ಟಿಯಾಗುವಾಗ ಪ್ಲಾಸ್ಟರ್ ಕಾವು ಬಿಡುತ್ತದೆ, ದಪ್ಪ ಇದ್ದಷ್ಟೂ ಕಾವು ಜಾಸ್ತಿ. ಜೊತೆಗೆ ಭಾರ. ಮೈ ಅಲ್ಲಾಡಿಸುವ ಹಾಗಿಲ್ಲ, ಜೋರಾಗಿ ಉಸಿರು ತೆಗೆದರೆ ಎದೆಯ ಅಚ್ಚು ಕೆಡುತ್ತದೆ. ಇನ್ನೊಂದು ತಾಪತ್ರಯ ಇದೆ, ನಮ್ಮ ಲ್ಯಾಬ್ ಭಾಷೆಯಲ್ಲಿ ಅಂಡರ್‌ಕಟ್ ಅನ್ನುತ್ತೇವೆ. ಹಲ್ಲಿನ ಬುಡ ಒಳಕ್ಕೆ ಸರಿದಿರುತ್ತದಲ್ಲ, ಗಟ್ಟಿ ಅಚ್ಚು ಅಲ್ಲಿ ಕಚ್ಚಿಕೊಂಡು ಈಚೆ ಬರುವುದಿಲ್ಲ. ಮೈಯಲ್ಲಿ ಕಂಕುಳು, ಮೊಣಕಾಲ ಹಿಂಭಾಗ, ಸೊಂಟದ ಕೆಳಗೆ, ಎಲ್ಲ ಕಡೆ ಅಂಡರ್‌ಕಟ್ಟೇ. ಹಾಗಾಗಿ ಒಂದೇ ಅಚ್ಚು ಆಗುವುದಿಲ್ಲ, ತುಂಡು ತುಂಡಾಗಿ ತೆಗೆದು ಆಮೇಲೆ ಜೋಡಿಸಬೇಕು. ಮೆತ್ತಗಿರುವ ಕಡೆ ಪ್ಲಾಸ್ಟರ್‌ನ ಭಾರಕ್ಕೆ ಮಾಂಸ ಅದುಮಿಕೊಂಡು ಚಪ್ಪಟೆಯಾಗಿರುತ್ತದೆ, ಅದನ್ನು ಕೈಯಿಂದ ಸರಿ ಮಾಡಬೇಕು. ಅಚ್ಚು ತೆಗೆದರೆ ಪ್ರತಿಮೆ ತಾನಾಗೇ ಬರುತ್ತದೆ ಅನ್ನುವವರು ಒಂದು ದಿನ ನನ್ನ ಮೇಜಿನಲ್ಲಿ ಕೂರಬೇಕು.

ಆದರೂ ಅಚ್ಚಿಗೆ ಒಂದು ಗುಣ ಇದೆ. ಅದಕ್ಕೆ ದಾಕ್ಷಿಣ್ಯ ಇಲ್ಲ. ಇದ್ದಿದ್ದೆಲ್ಲ ಹಿಡಿಯುತ್ತದೆ. ತೊಡೆಯ ಗುಳಿ ಬಂದಿದ್ದು ಹಾಗೆ. ಓರ್ಸೆಯವರೂ ಇದನ್ನು ಮುಚ್ಚಿಟ್ಟಿಲ್ಲ, ಆ ಮಡಿಕೆಗಳನ್ನೇ ತೋರಿಸಿ ಇದು ಜೀವಂತ ಮೈಯಿಂದ ತೆಗೆದ ಅಚ್ಚು ಅನ್ನುತ್ತಾರೆ.

ದೊಡ್ಡ ಚಿತ್ರಕಾರ ದೆಲಕ್ರುವಾ ತನ್ನ ದಿನಚರಿಯಲ್ಲಿ ಇದನ್ನು ಶಿಲ್ಪದ ರೂಪದ ಡಾಗೆರೊಟೈಪ್ ಅಂತ ಬರೆದುಕೊಂಡ. ಡಾಗೆರೊಟೈಪ್ ಅಂದರೆ ಆಗಿನ ಫೋಟೋ, 1839ರಲ್ಲಿ ಜಗತ್ತಿಗೆ ತೋರಿಸಿದ ಹೊಸ ವಿದ್ಯೆ. ಇದು ಕಲೆ ಅಲ್ಲ, ಯಂತ್ರದ ಕೆಲಸ ಅಂತ ಅವನ ಭಾವ. ನನಗೆ ಇಲ್ಲಿ ಸ್ವಲ್ಪ ತಮಾಷೆ ಅನ್ನಿಸುತ್ತದೆ. ಇದಾಗಿ ಏಳು ವರ್ಷಕ್ಕೆ ಅದೇ ದೆಲಕ್ರುವಾ, ದ್ಯೂರಿಯೆ ಎಂಬ ಗೆಳೆಯನಿಂದ ಬೆತ್ತಲೆ ಮಾಡೆಲ್‌ಗಳ ಫೋಟೋ ತೆಗೆಸಿಕೊಂಡು ಅವನ್ನು ನೋಡಿಕೊಂಡು ರೇಖಾಚಿತ್ರ ಬರೆದ. ಬೇರೆಯವರು ಮಾಡಿದರೆ ಯಂತ್ರ, ತಾನು ಮಾಡಿದರೆ ಅಭ್ಯಾಸ. ಇನ್ನೊಂದು ಕಡೆ ತಿಯೊಫಿಲ್ ಗೋತಿಯೆ ಎಂಬ ಕವಿ ಈ ಪ್ರತಿಮೆಯನ್ನು ಬಾಯ್ತುಂಬ ಹೊಗಳಿದ. ಅವನು ಸಬಾತಿಯೆಯ ಮನೆಯ ಊಟದ ಮೇಜಿನ ಖಾಯಂ ಅತಿಥಿ ಅನ್ನುವುದನ್ನೂ ನೆನಪಿಡಿ.

ಸಭೆಯಲ್ಲಿ ಒಬ್ಬರು ಮೇಷ್ಟರು ಇದ್ದರು, ಮೊದಲ ಸಾಲಿನಲ್ಲೇ. ಅವರು ಕೇಳಿದರು, "ಹಾಗಾದರೆ ಮೋಸ ತಾನೇ? ನೀವೇ ಒಪ್ಪಿಕೊಂಡ ಹಾಗಾಯಿತಲ್ಲ."

ಇಲ್ಲ. ಯಾಕೆ ಅಂತ ಹೇಳುತ್ತೇನೆ, ನನ್ನ ಇಡೀ ಮಾತು ನಿಂತಿರುವುದೇ ಇದರ ಮೇಲೆ. ಅಚ್ಚು ತೆಗೆದಿದ್ದು ಪ್ಲಾಸ್ಟರ್‌ನಲ್ಲಿ. ಪ್ರತಿಮೆ ಇರುವುದು ಅಮೃತಶಿಲೆಯಲ್ಲಿ. ಅಮೃತಶಿಲೆಯನ್ನು ಸುರಿಯಲು ಆಗುವುದಿಲ್ಲ! ಪ್ಲಾಸ್ಟರ್‌ನಿಂದ ಕಲ್ಲಿಗೆ ಹೋಗುವಾಗ ಒಂದು ಉಪಕರಣ ಬಳಸುತ್ತಿದ್ದರು, ಪಾಯಿಂಟಿಂಗ್ ಮಷಿನ್ ಅಂತ. ಮಷಿನ್ ಅಂದರೂ ಮೋಟಾರ್ ಏನಿಲ್ಲ, ಒಂದು ಚೌಕಟ್ಟು, ಅದರಲ್ಲಿ ಹಿಂದೆಮುಂದೆ ಜಾರುವ ಒಂದು ಸೂಜಿ. ಪ್ಲಾಸ್ಟರ್ ಮಾದರಿಯ ಮೇಲೆ ಒಂದು ಚುಕ್ಕಿಗೆ ಸೂಜಿ ಮುಟ್ಟಿಸಿ ಬಿಗಿ ಮಾಡುತ್ತಾರೆ, ಚೌಕಟ್ಟನ್ನು ಎತ್ತಿ ಕಲ್ಲಿಗೆ ಹಾಕುತ್ತಾರೆ, ಸೂಜಿ ಅಷ್ಟೇ ಒಳಗೆ ಹೋಗುವ ತನಕ ಕಲ್ಲನ್ನು ಕೊರೆಯುತ್ತಾರೆ. ಮತ್ತೆ ಇನ್ನೊಂದು ಚುಕ್ಕಿ. ಹೀಗೆ ನೂರಾರು ಚುಕ್ಕಿ. ಈ ಕೆಲಸ ಮಾಡುತ್ತಿದ್ದವರು ಹೆಚ್ಚಾಗಿ ಶಿಲ್ಪಿಯ ಕೈಕೆಳಗಿನ ಕಲ್ಲು ಕೆಲಸದವರು, ಆ ಕಾಲದ ಎಲ್ಲ ಕಾರ್ಯಾಗಾರಗಳಲ್ಲೂ ಹೀಗೇ. ಆದರೆ ಚುಕ್ಕಿ ಚುಕ್ಕಿ ನಡುವೆ ಏನಿರಬೇಕು ಅನ್ನುವುದನ್ನು ಸೂಜಿ ಹೇಳುವುದಿಲ್ಲ, ಅಲ್ಲಿ ಉಳಿಯನ್ನು ಕೈಯೇ ನಡೆಸಬೇಕು.

ಈಗ ಆ ತೊಡೆಯ ಗುಳಿಗಳನ್ನು ಮತ್ತೆ ನೋಡಿ. ಪ್ಲಾಸ್ಟರ್‌ನಲ್ಲಿ ಅವು ತಾವಾಗೇ ಬಂದವು. ಕಲ್ಲಿನಲ್ಲಿ ಬರಲಿಲ್ಲ. ಕಲ್ಲಿನಲ್ಲಿ ಒಂದೊಂದು ಗುಳಿಯನ್ನೂ ಯಾರೋ ಬೇಕು ಅಂತಲೇ ಕೆತ್ತಿದರು. ನುಣ್ಣಗೆ ಉಜ್ಜಿಬಿಡುವುದು ಎಷ್ಟು ಸುಲಭ ಇತ್ತು! ಕಲ್ಲಿನ ಕೆಲಸದಲ್ಲಿ ಉಜ್ಜುವುದೇ ಕೊನೆಯ ಹಂತ, ಎರಡು ದಿನ ಹೆಚ್ಚಿಗೆ ಉಜ್ಜಿದ್ದರೆ ದೇವತೆಯ ತೊಡೆ ಆಗಿಬಿಡುತ್ತಿತ್ತು. ಉಜ್ಜಲಿಲ್ಲ. ಹೀಗಾಗಿ ಡಾಗೆರೊಟೈಪ್ ಅನ್ನುವ ಮಾತು ಅರ್ಧ ಮಾತ್ರ ಸರಿ. ಕ್ಯಾಮೆರಾ ಆರಿಸುವುದಿಲ್ಲ, ಇಲ್ಲಿ ಆರಿಸಿದ್ದಾರೆ. ಬದುಕಿದ್ದ ಒಬ್ಬ ಹೆಂಗಸಿನ ಇಪ್ಪತ್ತೈದನೇ ವಯಸ್ಸಿನ ಮೈ ಹೇಗಿತ್ತೋ ಹಾಗೇ ಇರಲಿ ಅಂತ ಕಲ್ಲಿನ ಮುಂದೆ ಕೂತು ಒಪ್ಪಿಕೊಂಡಿದ್ದಾರೆ. ನನ್ನ ಪ್ರಕಾರ ಈ ಪ್ರತಿಮೆಯಲ್ಲಿ ಅತಿ ಪ್ರಾಮಾಣಿಕವಾದ ಜಾಗ ಅದು. ಸುಳ್ಳು ಇರುವುದು ಎರಡೇ ಕಡೆ. ಒಂದು ಹಾವು, ಇನ್ನೊಂದು ಮುಖ. ಅವೆರಡನ್ನು ಅಚ್ಚಿನಿಂದ ತೆಗೆದಿಲ್ಲ.

ಅಚ್ಚು ತೆಗೆದ ಅನ್ನುವುದು ಆಗ ಶಿಲ್ಪಿಗೆ ಎಷ್ಟು ದೊಡ್ಡ ಬೈಗುಳ ಅಂದರೆ, ಮೂವತ್ತು ವರ್ಷ ಆದಮೇಲೆ, 1877ರಲ್ಲಿ, ರೋದಾ ಎಂಬ ಶಿಲ್ಪಿಯ ಮೇಲೂ ಅದೇ ಆರೋಪ ಬಂತು. ಬೆಲ್ಜಿಯಂನ ಒಬ್ಬ ಸೈನಿಕನನ್ನು ನಿಲ್ಲಿಸಿಕೊಂಡು ಮಾಡಿದ ಪ್ರತಿಮೆ, ಆಳೆತ್ತರದ್ದು. ಇಷ್ಟು ಜೀವ ಬರಬೇಕಾದರೆ ಅಚ್ಚೇ ಇರಬೇಕು ಅಂದರು. ಪಾಪ, ಅವನು ಮಾಡೆಲ್‌ನ ಫೋಟೋಗಳನ್ನು ಇಟ್ಟುಕೊಂಡು ಇಲ್ಲ ಅಂತ ಸಾಬೀತು ಮಾಡಲು ಒದ್ದಾಡಿದ. ಮುಂದಿನ ಪ್ರತಿಮೆಯನ್ನು ಮನುಷ್ಯನ ಅಳತೆಗಿಂತ ದೊಡ್ಡದು ಮಾಡಿದ, ಅಷ್ಟು ದೊಡ್ಡ ಮನುಷ್ಯ ಎಲ್ಲೂ ಸಿಗುವುದಿಲ್ಲ, ಅಚ್ಚು ಅಂತ ಯಾರೂ ಅನ್ನುವ ಹಾಗಿಲ್ಲ. ರೋದಾ ತೆಗೆದಿರಲಿಲ್ಲ, ಕ್ಲೆಜಾಂಜೆ ತೆಗೆದಿದ್ದ. ತಮಾಷೆ ಅಂದರೆ ತೆಗೆದವನಿಗೆ ಆ ಬೈಗುಳದಿಂದ ನಷ್ಟವೇನೂ ಆಗಲಿಲ್ಲ, ಹೆಸರು ಬಂತು. ಮುಂದಿನ ವರ್ಷವೇ ಇನ್ನೊಬ್ಬಳನ್ನು ಹೆಚ್ಚುಕಮ್ಮಿ ಇದೇ ಭಂಗಿಯಲ್ಲಿ ಮಲಗಿಸಿದ, ಈ ಸಲ ಹಾವಿನ ಬದಲು ದ್ರಾಕ್ಷಾರಸದ ದೇವರ ಭಕ್ತೆ ಅಂತ ಹೆಸರಿಟ್ಟ. ನೆಪ ಬದಲಾಯಿತು, ಹೆಣ್ಣು ಹಾಗೇ ಮಲಗಿದ್ದಾಳೆ.

ಈಗ ಮುಖದ ವಿಷಯ. ಸಭೆಯಲ್ಲಿದ್ದ ಒಬ್ಬ ಹುಡುಗಿ, ಕಾಲೇಜಿನವಳು, ಹಿಂದಿನಿಂದ ಕೇಳಿದಳು, "ಸರ್, ಎಲ್ಲರಿಗೂ ಯಾರು ಅಂತ ಗೊತ್ತಿದ್ದರೆ ಮುಖ ಯಾಕೆ ಬದಲಾಯಿಸಿದರು?" ಇದಕ್ಕಿಂತ ಒಳ್ಳೆಯ ಪ್ರಶ್ನೆ ಆ ಸಂಜೆ ಬರಲಿಲ್ಲ. ನಾನು ತಿಳಿದುಕೊಂಡಿದ್ದು ಇಷ್ಟು. ಮುಖ ಅವಳದ್ದೇ ಇದ್ದಿದ್ದರೆ ಅದು ಅವಳಾಗುತ್ತಿದ್ದಳು. ಹೆಸರಿರುವ ಹೆಂಗಸು, ಭಾನುವಾರ ಮನೆಗೆ ಊಟಕ್ಕೆ ಕರೆಯುವವಳು, ತಿರುಗಿ ನೋಡುವವಳು. ಮುಖ ತೆಗೆದರೆ ಮೈ ಮಾತ್ರ ಉಳಿಯುತ್ತದೆ, ಅದನ್ನು ಯಾರು ಬೇಕಾದರೂ ನೋಡಬಹುದು. ಇನ್ನೂ ಒಂದು ವಿಷಯ ಕೇಳಿ. ಅದೇ 1847ರಲ್ಲಿ ಕ್ಲೆಜಾಂಜೆ ಸಬಾತಿಯೆಯ ಮುಖದ್ದೇ ಒಂದು ಬೇರೆ ಪ್ರತಿಮೆ ಮಾಡಿದ, ಎದೆಯ ಮಟ್ಟದ ತನಕ, ಅದೂ ಅಮೃತಶಿಲೆ. ಅಲ್ಲಿ ಮುಖ ಇದೆ, ಮೈ ಇಲ್ಲ. ಇಲ್ಲಿ ಮೈ ಇದೆ, ಮುಖ ಇಲ್ಲ. ಒಬ್ಬ ಹೆಂಗಸನ್ನು ಎರಡು ಕಲ್ಲಿಗೆ ಹಂಚಿಬಿಟ್ಟರು.

ಆಕೆಯ ಮನೆಯ ಭಾನುವಾರದ ಊಟಗಳು ಪ್ಯಾರಿಸ್‌ನಲ್ಲಿ ಹೆಸರುವಾಸಿ. ಕಾದಂಬರಿಕಾರ ಫ್ಲೋಬೇರ್, ಕವಿ ಗೋತಿಯೆ ಎಲ್ಲ ಬರುತ್ತಿದ್ದರು. ಎಲ್ಲರೂ ಆಕೆಯನ್ನು "ಅಧ್ಯಕ್ಷೆ" ಅಂತ ಕರೆಯುತ್ತಿದ್ದರು, ತಮಾಷೆಗೂ ಹೌದು, ಮರ್ಯಾದೆಗೂ ಹೌದು. ಆ ಮೇಜಿನ ಸುತ್ತ ಕೂತವರಲ್ಲಿ ಒಬ್ಬ ಬೋದಿಲೇರ್. ಲಂಕೇಶರು "ಪಾಪದ ಹೂಗಳು" ಅಂತ ಕನ್ನಡಕ್ಕೆ ತಂದರಲ್ಲ, ಅದೇ ಕವಿ, ನಮ್ಮಲ್ಲಿ ಒಂದು ತಲೆಮಾರು ತಲೆಕೆಡಿಸಿಕೊಂಡ ಬೋದಿಲೇರ್. ಅವನು 1852ರಿಂದ ಸುಮಾರು ಎರಡು ವರ್ಷ ಸಬಾತಿಯೆಗೆ ಕವಿತೆಗಳನ್ನು ಅಂಚೆಯಲ್ಲಿ ಕಳಿಸಿದ. ಹೆಸರು ಹಾಕದೆ, ಕೈಬರಹ ಬದಲಾಯಿಸಿ. ಅವನ ಕವಿತೆಗಳಲ್ಲಿ ಆಕೆ ಕಾವಲು ದೇವತೆ, ದಾರಿ ತೋರಿಸುವ ಬೆಳಕು. 1857ರಲ್ಲಿ ಸಂಕಲನ ಬಂತು, ಕೋರ್ಟಿನಲ್ಲಿ ಕೇಸು ಬಿತ್ತು, 300 ಫ್ರಾಂಕ್ ದಂಡ ಹಾಕಿ ಆರು ಕವಿತೆಗಳನ್ನು ನಿಷೇಧ ಮಾಡಿದರು. ಆ ಆರರಲ್ಲಿ ಒಂದು ಈಕೆಗೆ ಕಳಿಸಿದ್ದೇ. ಆ ನಿಷೇಧ ತೆಗೆದಿದ್ದು 1949ರಲ್ಲಿ!

ಕೇಸಿನ ಗಡಿಬಿಡಿಯಲ್ಲೇ ಬೋದಿಲೇರ್ ನಾನೇ ಬರೆದಿದ್ದು ಅಂತ ಒಪ್ಪಿಕೊಂಡ. ಆಕೆ ಅವನನ್ನು ಹತ್ತಿರ ಬಿಟ್ಟುಕೊಂಡಳು. ಅದಾದ ಕೂಡಲೇ ಇವನು ಒಂದು ಕಾಗದ ಬರೆದ, ಕೆಲವು ದಿನದ ಹಿಂದೆ ನೀನು ದೇವತೆಯಾಗಿದ್ದೆ, ಈಗ ಹೆಣ್ಣಾಗಿಬಿಟ್ಟೆ ಅನ್ನುವ ಅರ್ಥದ್ದು. ಇದನ್ನು ಓದಿದಾಗ ನನಗೆ ಸಿಟ್ಟೇ ಬಂತು. ಶಿಲ್ಪಿಗೆ ಮೈ ಸಾಕಾಗಿತ್ತು, ಮುಖ ಬೇಡವಾಗಿತ್ತು. ಕವಿಗೆ ಮುಖ ಸಾಕಾಗಿತ್ತು, ಮೈ ಬೇಡವಾಗಿತ್ತು. ಎರಡೂ ಸೇರಿದ ಹೆಂಗಸು ಎದುರಿಗೆ ಕೂತು ಸಾರು ಬಡಿಸುತ್ತಿದ್ದಳು.

ಆಕೆ ಮುಂದೆ ಏನಾದಳು ಅಂತ ಯಾರೂ ಕೇಳಲಿಲ್ಲ, ನಾನೇ ಹೇಳಿದೆ. ಮೊಸೆಲ್‌ಮನ್ ಕೈಬಿಟ್ಟ. ಮನೆಯ ಸಾಮಾನು ಹರಾಜಾಯಿತು. ಚಿತ್ರ ಬರೆಯುವುದನ್ನು ಕಲಿತಿದ್ದಳು, ಪುಟಾಣಿ ಭಾವಚಿತ್ರಗಳು, ಅವು ಸಲೋನ್‌ನಲ್ಲಿ ಜಾಗ ಪಡೆದವು. ಹಿಂದೆ ಕಲ್ಲಾಗಿ ಮಲಗಿದ್ದ ಪ್ರದರ್ಶನಕ್ಕೇ ಕಲಾವಿದೆಯಾಗಿ ಹೋದಳು. ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ ಪುಸ್ತಕಗಳಲ್ಲಿ. ಕೊನೆಗಾಲದಲ್ಲಿ ರಿಚರ್ಡ್ ವಾಲೇಸ್ ಎಂಬ ಹಳೆಯ ಗೆಳೆಯ, ಲಂಡನ್‌ನಲ್ಲಿ ಅವನ ಹೆಸರಿನ ಸಂಗ್ರಹಾಲಯ ಈಗಲೂ ಇದೆ, ಖರ್ಚಿಗೆ ದುಡ್ಡು ಬರುವ ಹಾಗೆ ಮಾಡಿದ. 1890ರಲ್ಲಿ ತೀರಿಕೊಂಡಳು.

ಈಗ ಮತ್ತೆ ಹಾವಿಗೆ ಬರುತ್ತೇನೆ. ಹಾವು ಬರೀ ನೆಪ ಅನ್ನುವುದು ನನ್ನ ಜಾಣತನ ಅಲ್ಲ, ಆಗಿನ ಕಾಲದವರೇ ಹೇಳಿದ್ದಾರೆ. ಅದರಲ್ಲೂ ಒಬ್ಬರು ಯಾರು ಅಂದರೆ ಶೋಪಾನ್. ಹೌದು, ಪಿಯಾನೋ ಶೋಪಾನ್. ಅವನು ಆಗ ಕಾದಂಬರಿಕಾರ್ತಿ ಜಾರ್ಜ್ ಸಾಂಡ್ ಜೊತೆ ಇದ್ದ, ಒಂಬತ್ತು ವರ್ಷದ ಸಂಬಂಧ. ಸಾಂಡ್ ಮಗಳು ಸೊಲಾಂಜ್ ಇದೇ ಕ್ಲೆಜಾಂಜೆಯನ್ನು 1847ರ ಮೇ ತಿಂಗಳಲ್ಲಿ ಮದುವೆಯಾದಳು, ಪ್ರತಿಮೆಯ ಗಲಾಟೆ ಇನ್ನೂ ಬಿಸಿ ಇರುವಾಗಲೇ. ಶೋಪಾನ್‌ಗೆ ಈ ಗಂಡು ಸುತರಾಂ ಇಷ್ಟವಿರಲಿಲ್ಲ. ಪೋಲೆಂಡ್‌ನ ತನ್ನ ಮನೆಯವರಿಗೆ ಬರೆದ ಕಾಗದದಲ್ಲಿ ಈ ಪ್ರತಿಮೆಯ ಸುದ್ದಿ ಇದೆ. ಭಂಗಿ ಎಷ್ಟು ಅಸಭ್ಯ ಅಂದರೆ ಅದಕ್ಕೊಂದು ಸಮರ್ಥನೆ ಬೇಕಾಗಿ ಹಾವು ಸೇರಿಸಬೇಕಾಯಿತು ಅಂತ ಬರೆದಿದ್ದಾನೆ. ಮುಂದಿನ ಪ್ರದರ್ಶನದಲ್ಲಿ ತನ್ನ ಹೆಂಡತಿಯನ್ನೇ ಹೀಗೆ ಕಲ್ಲಿನಲ್ಲಿ ಜನರ ಮುಂದೆ ಇಡುತ್ತಾನೆ ನೋಡಿ ಅಂತ ಚುಚ್ಚಿಯೂ ಇದ್ದಾನೆ.

ಎರಡು ತಿಂಗಳಿಗೆ ಆ ಮನೆ ಒಡೆಯಿತು. ದುಡ್ಡಿನ ಜಗಳ. ಕ್ಲೆಜಾಂಜೆ ಸುತ್ತಿಗೆ ಎತ್ತಿಕೊಂಡು ಸಾಂಡ್ ಮಗನ ಮೇಲೆ ಹೋದ, ಸಾಂಡ್ ನಡುವೆ ನುಗ್ಗಿ ಕೆನ್ನೆಗೆ ಹೊಡೆದಳು, ಅಳಿಯ ಅತ್ತೆಯ ಎದೆಗೆ ಗುದ್ದಿದ. ಸಾಂಡ್ ಬರೆದಿರುವ ಪ್ರಕಾರ ಇದು. ಮಗಳು ಅಳಿಯ ಇಬ್ಬರನ್ನೂ ಮನೆಯಿಂದ ಹೊರಗೆ ಹಾಕಿದಳು. ಶೋಪಾನ್ ಮಗಳ ಪರ ನಿಂತ, ಒಂಬತ್ತು ವರ್ಷದ ಸಂಬಂಧ ಅಲ್ಲಿಗೆ ಮುಗಿಯಿತು.

1849ರ ಅಕ್ಟೋಬರ್ 17ರ ನಸುಕಿನಲ್ಲಿ ಶೋಪಾನ್ ತೀರಿಕೊಂಡ. ಮೂವತ್ತೊಂಬತ್ತು ವರ್ಷ. ಸೊಲಾಂಜ್ ಹತ್ತಿರದಲ್ಲೇ ಇದ್ದಳು. ಬೆಳಗಾದ ಮೇಲೆ ಮುಖದ ಅಚ್ಚು ತೆಗೆಯಲು ಒಬ್ಬ ಶಿಲ್ಪಿ ಬೇಕಾಯಿತು, ಆಗೆಲ್ಲ ದೊಡ್ಡವರು ಸತ್ತರೆ ಹಾಗೆ ಮಾಡುತ್ತಿದ್ದರು. ಬಂದವನು ಕ್ಲೆಜಾಂಜೆ. ಅದೇ ಪ್ಲಾಸ್ಟರ್, ಅದೇ ಕೈ. ಕೈಯ ಅಚ್ಚನ್ನೂ ತೆಗೆದ. ಪೆರ್ ಲಾಶೆಜ್ ಸ್ಮಶಾನದಲ್ಲಿ ಶೋಪಾನ್ ಸಮಾಧಿಯ ಮೇಲೆ ಮುರಿದ ವೀಣೆಯಂಥ ವಾದ್ಯ ಹಿಡಿದು ತಲೆ ತಗ್ಗಿಸಿ ಕೂತ ಹೆಣ್ಣಿನ ಪ್ರತಿಮೆ ಇದೆಯಲ್ಲ, ಅದನ್ನು ಮಾಡಿದ್ದೂ ಅವನೇ, ಮೊದಲ ವರ್ಷದ ತಿಥಿಯ ದಿನ ಅದನ್ನು ತೆರೆದರು. ಅದು ನನಗೆ ಅಷ್ಟೇನೂ ಹಿಡಿಸಲಿಲ್ಲ, ಸಮಾಧಿಗೆ ಅಂತ ಮಾಡಿದ್ದು, ಸಮಾಧಿಯ ಹಾಗೇ ಇದೆ.

ಆದರೆ ಆ ಮುಖದ ಅಚ್ಚು. ಮೊದಲು ತೆಗೆದದ್ದರಲ್ಲಿ ಕೊನೆಯ ಗಳಿಗೆಯ ನೋವು ಇದ್ದ ಹಾಗೇ ಬಂತು. ಆಗಲೇ ಹೇಳಿದೆನಲ್ಲ, ಅಚ್ಚಿಗೆ ದಾಕ್ಷಿಣ್ಯ ಇಲ್ಲ. ಮನೆಯವರಿಗೆ ಅದನ್ನು ನೋಡಲು ಆಗಲಿಲ್ಲ, ಬೇಡ ಅಂದರು. ಕ್ಲೆಜಾಂಜೆ ಅದನ್ನು ತಿದ್ದಿ, ಗೆರೆಗಳನ್ನು ಸಮ ಮಾಡಿ, ನಿದ್ದೆ ಹೋದವನ ಹಾಗೆ ಇನ್ನೊಂದು ಮಾಡಿಕೊಟ್ಟ. ಸಂಗೀತದ ಪುಸ್ತಕಗಳಲ್ಲಿ ನಾವು ನೋಡುವ ಆ ಶಾಂತ ಮುಖ, ಆ ತಿದ್ದಿದ್ದು.

ಇಷ್ಟು ಹೇಳಿ ನೀರು ಕುಡಿದೆ. ಮುಂದಿನ ಸಾಲಿನ ಮೇಷ್ಟರು, "ಮೊದಲನೆಯದನ್ನೇ ಇಟ್ಟುಕೊಳ್ಳಬೇಕಿತ್ತು, ಅದೇ ನಿಜ" ಅಂದರು. ಪಕ್ಕದಲ್ಲಿದ್ದ ಅವರ ಮನೆಯವರು ಮೆಲ್ಲಗೆ, "ನಿಮ್ಮ ತಮ್ಮನದ್ದಾಗಿದ್ದರೆ ಇಟ್ಟುಕೊಳ್ತಿದ್ರಾ?" ಅಂದರು. ಮೇಷ್ಟರು ಏನೂ ಹೇಳಲಿಲ್ಲ, ನನ್ನ ಕಡೆ ನೋಡಿದರು. ನಾನೂ ಏನೂ ಹೇಳಲಿಲ್ಲ.